ಮೈಸೂರು, ಮಂಡ್ಯದಿಂದ ವಿಮಾನ ಪ್ರಯಾಣ: ದೂರವನ್ನೂ ಅವಧಿಯನ್ನೂ ನೀವೇ ಲೆಕ್ಕ ಹಾಕುವ ಕ್ರಮ

ಮೈಸೂರಿನಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಮೊಬೈಲಿನಲ್ಲಿ ಹುಡುಕಿದರೆ ಸುಮಾರು 1,800 ಕಿಲೋಮೀಟರ್, ಎರಡೂವರೆ ಗಂಟೆಯ ಆಸುಪಾಸು ಎಂಬ ಉತ್ತರ ಕ್ಷಣಮಾತ್ರದಲ್ಲಿ ಸಿಗುತ್ತದೆ. ಭೂಪಟದ ಮೇಲಿನ ಎರಡು ಚುಕ್ಕೆಗಳ ನಡುವೆ ಗೆರೆ ಎಳೆದು, ಆ ಗೆರೆಯ ಉದ್ದವನ್ನು ಜೆಟ್ ವಿಮಾನದ ವೇಗದಿಂದ ಭಾಗಿಸಿ ಪಡೆದ ಉತ್ತರ ಅದು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ದೆಹಲಿಗೆ ನೇರ ವಿಮಾನವಿದೆಯೇ, ಇಲ್ಲದಿದ್ದರೆ ಪ್ರಯಾಣಿಕರು ಯಾವ ದಾರಿ ಹಿಡಿಯುತ್ತಾರೆ ಎಂಬುದನ್ನು ಆ ಲೆಕ್ಕ ಕೇಳುವುದೇ ಇಲ್ಲ. ಮೈಸೂರಿನ ಮನೆಯಿಂದ ಹೊರಟವರು ಬೆಂಗಳೂರು ನಿಲ್ದಾಣದ ಮೂಲಕ ದೆಹಲಿಯಲ್ಲಿ ಲಗೇಜ್ ಕೈಗೆ ಬರುವವರೆಗೆ ವ್ಯಯಿಸುವ ಸಮಯ ಹತ್ತು ಗಂಟೆಗೆ ಹತ್ತಿರವಾಗುತ್ತದೆ. ಎರಡೂವರೆಗೂ ಹತ್ತಕ್ಕೂ ನಡುವಿನ ಈ ಅಂತರವನ್ನು ಮೊದಲೇ ತಿಳಿದುಕೊಂಡವರಿಗೆ ಮಾತ್ರ ರಜೆಯ ದಿನಗಳನ್ನು, ಮದುವೆಯ ಮುಹೂರ್ತಕ್ಕೆ ತಲುಪುವುದನ್ನು, ಮುಂದಿನ ವಿಮಾನ ಹಿಡಿಯುವುದನ್ನು ಸರಿಯಾಗಿ ಯೋಜಿಸಲು ಸಾಧ್ಯ. ಆ ಲೆಕ್ಕವನ್ನು ಕಾಗದ, ಪೆನ್ನು ಮತ್ತು ಒಂದು ಮೊಬೈಲಿನ ನೆರವಿನಿಂದ ಯಾರು ಬೇಕಾದರೂ ಮಾಡಬಹುದು.

ಮೊದಲ ಹೆಜ್ಜೆ: ನಿಲ್ದಾಣಗಳನ್ನು ಖಚಿತಪಡಿಸಿಕೊಳ್ಳುವುದು

ವಿಮಾನದ ದೂರವನ್ನು ಅಳೆಯುವುದು ನಿಲ್ದಾಣದಿಂದ ನಿಲ್ದಾಣಕ್ಕೆ. ಆದ್ದರಿಂದ ನೀವು ಹೊರಡುವ ಮತ್ತು ಇಳಿಯುವ ನಿಲ್ದಾಣಗಳ ಮೂರಕ್ಷರದ ಸಂಕೇತಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ಮೈಸೂರಿನ ಮಂಡಕಳ್ಳಿಗೆ ಎಂವೈಕ್ಯೂ, ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಿಎಲ್‌ಆರ್, ದೆಹಲಿಗೆ ಡಿಇಎಲ್ ಎಂಬ ಸಂಕೇತಗಳಿವೆ. ಒಂದೇ ಊರಿಗೆ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿದ್ದಾಗ ಈ ಸಂಕೇತಗಳು ಬಹಳ ಉಪಕಾರಿ. ಗೋವಾದಲ್ಲಿ ದಾಬೋಲಿಂ ನಿಲ್ದಾಣದ ಜೊತೆಗೆ 2023ರ ಜನವರಿಯಿಂದ ಉತ್ತರದ ಮೋಪಾ ನಿಲ್ದಾಣವೂ ಕೆಲಸ ಮಾಡುತ್ತಿದೆ. ಮೊದಲನೆಯದು ಜಿಒಐ, ಎರಡನೆಯದು ಜಿಒಎಕ್ಸ್. ದಕ್ಷಿಣ ಗೋವಾದಲ್ಲಿ ಕೋಣೆ ಕಾಯ್ದಿರಿಸಿ ಮೋಪಾದಲ್ಲಿ ಇಳಿದವರು ವಿಮಾನದಲ್ಲಿ ಕುಳಿತಷ್ಟೇ ಹೊತ್ತನ್ನು ಟ್ಯಾಕ್ಸಿಯಲ್ಲೂ ಕಳೆಯಬೇಕಾಗುತ್ತದೆ. ಲಂಡನ್ನಿನಲ್ಲಿ ಹೀಥ್ರೂ, ಗ್ಯಾಟ್ವಿಕ್ ಮೊದಲಾದ ಹಲವು ನಿಲ್ದಾಣಗಳಿದ್ದು, ಒಂದರಲ್ಲಿ ಇಳಿದು ಇನ್ನೊಂದರಿಂದ ಮುಂದಿನ ವಿಮಾನ ಹಿಡಿಯುವ ಟಿಕೆಟನ್ನು ಅಗ್ಗವೆಂಬ ಒಂದೇ ಕಾರಣಕ್ಕೆ ಕೊಳ್ಳುವ ಮುನ್ನ ಯೋಚಿಸಬೇಕು.

ಎರಡನೆಯ ಹೆಜ್ಜೆ: ನೇರ ದೂರವನ್ನು ಅಳೆಯುವುದು

ಸುಲಭದ ದಾರಿ ಗೂಗಲ್ ಮ್ಯಾಪ್. ಕಂಪ್ಯೂಟರಿನಲ್ಲಾದರೆ ಹೊರಡುವ ನಿಲ್ದಾಣದ ಮೇಲೆ ಮೌಸಿನ ಬಲಗುಂಡಿ ಒತ್ತಿ, ದೂರ ಅಳೆಯುವ ಆಯ್ಕೆಯನ್ನು ಆರಿಸಿ, ಇಳಿಯುವ ನಿಲ್ದಾಣದ ಮೇಲೆ ಕ್ಲಿಕ್ ಮಾಡಿದರೆ ಕಿಲೋಮೀಟರಿನಲ್ಲಿ ದೂರ ಕಾಣಿಸುತ್ತದೆ. ಮೊಬೈಲಿನಲ್ಲಾದರೆ ನಿಲ್ದಾಣದ ಮೇಲೆ ಬೆರಳನ್ನು ಒತ್ತಿ ಹಿಡಿದು ಪಿನ್ ಮೂಡಿಸಿ, ಕೆಳಗಿನ ವಿವರಗಳಲ್ಲಿ ಅದೇ ಆಯ್ಕೆಯನ್ನು ಹುಡುಕಬೇಕು. ಇದು ರಸ್ತೆಯ ದೂರವಲ್ಲವೆಂಬುದನ್ನು ನೆನಪಿಡಿ; ದಾರಿ ತೋರಿಸುವ ನೀಲಿ ಗೆರೆಯ ದೂರಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಾಗದದ ಮೇಲೆ ಲೆಕ್ಕ ಹಾಕುವ ಆಸಕ್ತಿಯುಳ್ಳವರಿಗೆ, ವಿಶೇಷವಾಗಿ ಶಾಲೆಯಲ್ಲಿ ಓದುವ ಮಕ್ಕಳಿಗೆ, ಅಕ್ಷಾಂಶ ರೇಖಾಂಶಗಳ ಕ್ರಮವನ್ನು ನಾನು ಹೆಚ್ಚು ಇಷ್ಟಪಟ್ಟು ಶಿಫಾರಸು ಮಾಡುತ್ತೇನೆ, ಏಕೆಂದರೆ ಉತ್ತರ ಎಲ್ಲಿಂದ ಬಂತೆಂಬುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿಲೋಮೀಟರ್. ಇದು ಭೂಮಿಯ ಮೇಲೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಪೂರ್ವ ಪಶ್ಚಿಮವಾಗಿ ಒಂದು ಡಿಗ್ರಿ ರೇಖಾಂಶ ಸಮಭಾಜಕ ವೃತ್ತದಲ್ಲಿ 111 ಕಿಲೋಮೀಟರಿದ್ದು, ಧ್ರುವದತ್ತ ಸಾಗಿದಂತೆ ಕಿರಿದಾಗುತ್ತ ಹೋಗುತ್ತದೆ. ನಮ್ಮ ಮೈಸೂರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಅದು ಸುಮಾರು 109 ಕಿಲೋಮೀಟರ್. ಹೈದರಾಬಾದಿಗೆ ಹೋಗುವ ದಾರಿಯ ನಡುಭಾಗದಲ್ಲಿ 107ರ ಹತ್ತಿರ.

ಮಂಡಕಳ್ಳಿಯಿಂದ ಹೈದರಾಬಾದಿನ ಶಂಷಾಬಾದ್ ನಿಲ್ದಾಣದವರೆಗಿನ ದೂರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಂಡಕಳ್ಳಿ 12.23 ಡಿಗ್ರಿ ಉತ್ತರ, 76.66 ಡಿಗ್ರಿ ಪೂರ್ವದಲ್ಲಿದೆ, ಶಂಷಾಬಾದ್ 17.23 ಡಿಗ್ರಿ ಉತ್ತರ, 78.43 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶದ ವ್ಯತ್ಯಾಸ 5 ಡಿಗ್ರಿ, ಅಂದರೆ 555 ಕಿಲೋಮೀಟರ್. ರೇಖಾಂಶದ ವ್ಯತ್ಯಾಸ 1.77 ಡಿಗ್ರಿ, ಅಂದರೆ ಸುಮಾರು 190 ಕಿಲೋಮೀಟರ್. ಈ ಎರಡನ್ನು ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದು ಭಾವಿಸಿ, ಪೈಥಾಗೊರಸನ ಪ್ರಮೇಯದಂತೆ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 587 ಕಿಲೋಮೀಟರ್ ಬರುತ್ತದೆ. ಬೆಂಗಳೂರಿನಿಂದ ದೆಹಲಿಗೆ ಇಷ್ಟು ಶ್ರಮವೂ ಬೇಡ. ಎರಡೂ ನಿಲ್ದಾಣಗಳು 77 ಡಿಗ್ರಿ ಪೂರ್ವ ರೇಖಾಂಶದ ಆಚೀಚೆ ಒಂದರ ಮೇಲೊಂದು ಇರುವುದರಿಂದ ಅಕ್ಷಾಂಶದ ವ್ಯತ್ಯಾಸವಾದ 15.37 ಡಿಗ್ರಿಯನ್ನು 111ರಿಂದ ಗುಣಿಸಿದರೆ ಸಾಕು. ಉತ್ತರ 1,700 ಕಿಲೋಮೀಟರಿನ ಸಮೀಪ.

ದೂರ ಎರಡು ಮೂರು ಸಾವಿರ ಕಿಲೋಮೀಟರ್ ದಾಟಿದ ಮೇಲೆ ಈ ತ್ರಿಭುಜದ ಲೆಕ್ಕ ಸರಿಹೊಂದುವುದಿಲ್ಲ, ಏಕೆಂದರೆ ಭೂಮಿ ದುಂಡಗಿದೆ. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ, ಗೋಳವನ್ನು ಎರಡು ಸಮಭಾಗ ಮಾಡುವ ಮಹಾವೃತ್ತದ ಒಂದು ತುಂಡಾಗಿರುತ್ತದೆ, ಮತ್ತು ಗೋಡೆಗೆ ತೂಗುಹಾಕಿದ ಚಪ್ಪಟೆ ಭೂಪಟದಲ್ಲಿ ಅದು ಬಾಗಿದ ಗೆರೆಯಾಗಿ ಕಾಣುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಬೆಂಗಳೂರಿನ ಮೇಲೂ ಸ್ಯಾನ್ ಫ್ರಾನ್ಸಿಸ್ಕೊದ ಮೇಲೂ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಅರಬ್ಬಿ ಸಮುದ್ರದ ಕಡೆಗಾಗಲೀ ಪೆಸಿಫಿಕ್ ಸಾಗರದ ನಡುಭಾಗಕ್ಕಾಗಲೀ ಹೋಗದೆ, ನೇರ ಉತ್ತರಕ್ಕೆ ತುಸು ಪೂರ್ವಕ್ಕೆ ವಾಲಿ, ಚೀನಾ ಮತ್ತು ಸೈಬೀರಿಯಾದ ಮೇಲೆ 70 ಡಿಗ್ರಿ ಅಕ್ಷಾಂಶದವರೆಗೆ ಏರಿ ಇಳಿಯುತ್ತದೆ. ಆ ದಾರದ ಉದ್ದ ಸುಮಾರು 14,000 ಕಿಲೋಮೀಟರ್. ಇದೇ ರೀತಿ ಬೆಂಗಳೂರಿನಿಂದ ಲಂಡನ್ ಹೀಥ್ರೂ ಸುಮಾರು 8,050 ಕಿಲೋಮೀಟರ್, ದುಬೈ ಸುಮಾರು 2,700 ಕಿಲೋಮೀಟರ್. ಮ್ಯಾಪಿನ ದೂರ ಅಳೆಯುವ ಸಾಧನ ಈ ದುಂಡಗಿನ ಲೆಕ್ಕವನ್ನೇ ಬಳಸುವುದರಿಂದ ದೂರದ ಊರುಗಳಿಗೆ ಅದನ್ನೇ ನಂಬಬಹುದು.

ಕೆಲವು ತಾಣಗಳು ದೂರವನ್ನು ಮೈಲಿಯಲ್ಲೋ ನಾಟಿಕಲ್ ಮೈಲಿಯಲ್ಲೋ ಕೊಡುತ್ತವೆ. ಸಾಮಾನ್ಯ ಮೈಲಿಗೆ 1.609 ಕಿಲೋಮೀಟರ್, ವಿಮಾನ ಚಾಲಕರು ಬಳಸುವ ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್.

ಮೂರನೆಯ ಹೆಜ್ಜೆ: ದೂರವನ್ನು ಗಂಟೆಯಾಗಿಸುವುದು

ಇಲ್ಲಿ ವಿಮಾನದ ಜಾತಿ ಮುಖ್ಯ. ದೇಶದೊಳಗೆ ಹೆಚ್ಚಾಗಿ ಹಾರುವ ಏರ್‌ಬಸ್ 320, ಬೋಯಿಂಗ್ 737 ಜಾತಿಯ ಜೆಟ್‌ಗಳಿಗೆ ಗಂಟೆಗೆ 800 ಕಿಲೋಮೀಟರ್ ಎಂದೂ, ಖಂಡಾಂತರ ಹಾರುವ ಬೋಯಿಂಗ್ 777, 787ರಂಥ ದೊಡ್ಡ ವಿಮಾನಗಳಿಗೆ 850 ಎಂದೂ ಹಿಡಿಯಿರಿ. ಪಂಖಗಳುಳ್ಳ ಎಟಿಆರ್ 72 ವಿಮಾನಕ್ಕೆ 500 ಸಾಕು. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಉದ್ದವಿದ್ದು, ಒಂದು ತುದಿಯಲ್ಲಿ ನಂಜನಗೂಡಿನ ಹೆದ್ದಾರಿಯೂ ರೈಲು ಮಾರ್ಗವೂ ಅಡ್ಡವಾಗಿರುವುದರಿಂದ ಅಲ್ಲಿನ ನಿತ್ಯದ ಸೇವೆಗಳು ಎಟಿಆರ್ ವಿಮಾನಗಳನ್ನೇ ಅವಲಂಬಿಸಿವೆ. ರನ್‌ವೇಯನ್ನು ಉದ್ದ ಮಾಡುವ ಯೋಜನೆ ಬಹಳ ಕಾಲದಿಂದ ಚರ್ಚೆಯಲ್ಲಿದೆ. ಅದು ಪೂರ್ಣಗೊಂಡ ದಿನ ಈ ಲೇಖನದ ಅರ್ಧಭಾಗವನ್ನು ಸಂತೋಷದಿಂದ ತಿದ್ದಿ ಬರೆಯಬಹುದು.

ದೂರವನ್ನು ವೇಗದಿಂದ ಭಾಗಿಸಿದ ಮೇಲೆ ಜೆಟ್‌ಗೆ 35 ನಿಮಿಷ, ಎಟಿಆರ್‌ಗೆ 20ರಿಂದ 25 ನಿಮಿಷ ಸೇರಿಸಿ. ನೆಲದ ಮೇಲೆ ಉರುಳುತ್ತ ರನ್‌ವೇ ತಲುಪುವುದು, ನಿಧಾನವಾಗಿ ಮೇಲೇರುವುದು, ಇಳಿಯುವಾಗ ಸರದಿಗೆ ಕಾಯುವುದು, ಇಳಿದ ಮೇಲೆ ಮತ್ತೆ ಉರುಳಿ ನಿಲ್ಲುವುದು ಇವೆಲ್ಲ ಆ ಹೆಚ್ಚುವರಿ ನಿಮಿಷಗಳಲ್ಲಿ ಸೇರಿವೆ. ಟಿಕೆಟಿನಲ್ಲಿ ಮುದ್ರಿಸುವ ಅವಧಿ ವಿಮಾನ ನಿಂತ ಸ್ಥಳದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ನಿಂತ ಕ್ಷಣದವರೆಗಿನದು; ಆಕಾಶದಲ್ಲಿದ್ದ ಸಮಯ ಅದಕ್ಕಿಂತ ಕಡಿಮೆಯಿರುತ್ತದೆ. ಸಂಸ್ಥೆಗಳು ತಡವಾಗಬಾರದೆಂದು ವೇಳಾಪಟ್ಟಿಯಲ್ಲಿ ತುಸು ಸಡಿಲವನ್ನೂ ಇಟ್ಟುಕೊಂಡಿರುತ್ತವೆ. ವಿಮಾನ ಕೆಲವೊಮ್ಮೆ ಇಪ್ಪತ್ತು ನಿಮಿಷ ಮೊದಲೇ ತಲುಪಿಬಿಡುವುದಕ್ಕೆ ಇದೇ ಕಾರಣ.

ಈ ಸೂತ್ರವನ್ನು ಪರೀಕ್ಷಿಸಿ ನೋಡೋಣ. ಬೆಂಗಳೂರಿನಿಂದ ದೆಹಲಿಗೆ 1,700ನ್ನು 800ರಿಂದ ಭಾಗಿಸಿದರೆ ಎರಡು ಗಂಟೆ ಎಂಟು ನಿಮಿಷ, 35 ಸೇರಿಸಿದರೆ ಎರಡು ಗಂಟೆ 43 ನಿಮಿಷ; ವೇಳಾಪಟ್ಟಿಗಳಲ್ಲಿ ನೀವು ಕಾಣುವುದು ಎರಡೂಮುಕ್ಕಾಲರಿಂದ ಮೂರು ಗಂಟೆ. ದುಬೈಗೆ ಮೂರು ಗಂಟೆ 22 ನಿಮಿಷಕ್ಕೆ 35 ಸೇರಿ ಹೆಚ್ಚುಕಡಿಮೆ ನಾಲ್ಕು ಗಂಟೆ. ಲಂಡನ್ನಿಗೆ ಹತ್ತು ಗಂಟೆ. ಸ್ಯಾನ್ ಫ್ರಾನ್ಸಿಸ್ಕೊಗೆ 17 ಗಂಟೆ. ಮಂಡಕಳ್ಳಿಯಿಂದ ಹೈದರಾಬಾದಿಗೆ ಎಟಿಆರ್‌ನಲ್ಲಿ ಒಂದೂವರೆ ಗಂಟೆಯ ಆಸುಪಾಸು. ನಿಮ್ಮ ಲೆಕ್ಕಕ್ಕೂ ಟಿಕೆಟಿನ ಅವಧಿಗೂ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವೆ ಎಲ್ಲೋ ಒಂದು ನಿಲುಗಡೆಯಿದೆ ಅಥವಾ ವಿಮಾನ ಸುತ್ತುದಾರಿ ಹಿಡಿಯುತ್ತಿದೆ ಎಂದು ತಿಳಿಯಬೇಕು. ಟಿಕೆಟ್ ಕೊಳ್ಳುವ ಮುನ್ನವೇ ಇದು ಗೊತ್ತಾಗುವುದು ದೊಡ್ಡ ಅನುಕೂಲ.

ನಾಲ್ಕನೆಯ ಹೆಜ್ಜೆ: ಗಾಳಿಯನ್ನೂ ಸುತ್ತುದಾರಿಯನ್ನೂ ಪರಿಗಣಿಸುವುದು

ಹೋಗುವಾಗಿನ ಅವಧಿ ಬರುವಾಗ ಇರುವುದಿಲ್ಲ. ಜೆಟ್ ವಿಮಾನಗಳು ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಮಧ್ಯ ಅಕ್ಷಾಂಶಗಳ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿಯ ಹೊಳೆಗಳು ಹರಿಯುತ್ತವೆ. ಇವುಗಳಿಗೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇವು ಹೆಚ್ಚು ಬಲಗೊಂಡು ಉತ್ತರ ಭಾರತದ ಮೇಲಕ್ಕೂ ಇಳಿಯುತ್ತವೆ. ಆದ್ದರಿಂದ ಲಂಡನ್ನಿನಿಂದ ಬೆಂಗಳೂರಿಗೆ ಬರುವ ಪ್ರಯಾಣ, ಹೋಗುವ ಪ್ರಯಾಣಕ್ಕಿಂತ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಬೆಂಗಳೂರು ದೆಹಲಿಯ ನಡುವೆ ಗಾಳಿ ಪಕ್ಕದಿಂದ ಬೀಸುವುದರಿಂದ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ದಕ್ಷಿಣ ಭಾರತದ ನಮಗೆ ಇನ್ನೊಂದು ವಿಶೇಷವಿದೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ತಲೆಯ ಮೇಲೆ ಇದಕ್ಕೆ ವಿರುದ್ಧವಾಗಿ, ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಗಾಳಿಯ ಪಟ್ಟಿಯೊಂದು ಏರ್ಪಡುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು 1958ರಲ್ಲಿ ಈ ಉಷ್ಣವಲಯದ ಪೂರ್ವದ ಜೆಟ್ ಗಾಳಿಯನ್ನು ವಿವರಿಸಿ ಲೇಖನ ಪ್ರಕಟಿಸಿದರು. ಅದರ ತಿರುಳು ವಿಮಾನಗಳ ಎತ್ತರಕ್ಕಿಂತ ಮೇಲಿದ್ದರೂ ಅಂಚಿನ ಪ್ರಭಾವ ಕೆಳಗೂ ತಟ್ಟುತ್ತದೆ. ಹೀಗಾಗಿ ಗಾಳಿಯ ನೆರವು ಯಾವಾಗಲೂ ಪೂರ್ವಕ್ಕೆ ಹೋಗುವವರಿಗೇ ಎಂಬ ಸಾಮಾನ್ಯ ನಿಯಮವನ್ನು ಜುಲೈ ಆಗಸ್ಟ್‌ನಲ್ಲಿ ಬೆಂಗಳೂರು ದುಬೈ ನಡುವಿನ ದಾರಿಗೆ ಕಣ್ಣುಮುಚ್ಚಿ ಅನ್ವಯಿಸಬಾರದು.

ಸುತ್ತುದಾರಿಗೆ ಕಾರಣಗಳು ಎರಡು. ಮೊದಲನೆಯದು ಭೂಗೋಳ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಕೂಡಲೇ ಹತ್ತು ಸಾವಿರ ಅಡಿಗೆ ಇಳಿಯಬೇಕು; ಆದರೆ ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಪ್ರಯಾಣಿಕರಿಗೆ ಮುಖವಾಡಗಳಿಂದ ಸಿಗುವ ಆಮ್ಲಜನಕ ಕೆಲವೇ ನಿಮಿಷಗಳಿಗಿರುವುದರಿಂದ ಹೆಚ್ಚಿನ ವಿಮಾನಗಳು ಆ ಭಾಗವನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತವೆ. ಎರಡನೆಯದು ರಾಜಕೀಯ. 2022ರ ಫೆಬ್ರವರಿಯ ನಂತರ ಯುರೋಪ್ ಒಕ್ಕೂಟದ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹಾರುವ ಭಾರತೀಯ ಸಂಸ್ಥೆಗಳ ವಿಮಾನಗಳು ಅರಬ್ಬಿ ಸಮುದ್ರದ ಕಡೆಗೆ ಬಳಸಿ ಹೋಗಬೇಕಾಯಿತು. ಒಂದೇ ಎರಡು ಊರುಗಳ ನಡುವೆ ಒಂದು ಸಂಸ್ಥೆಯ ವಿಮಾನ ಇನ್ನೊಂದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದನ್ನು ಕಂಡರೆ ಅಚ್ಚರಿಪಡಬೇಕಿಲ್ಲ. ಹೊರಡುವ ತಿಂಗಳಿನ ವೇಳಾಪಟ್ಟಿಯನ್ನೇ ನೋಡಿ, ಹಳೆಯ ಟಿಕೆಟಿನ ಅವಧಿಯನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ.

ಐದನೆಯ ಹೆಜ್ಜೆ: ಎರಡು ಗಡಿಯಾರಗಳನ್ನು ಹೊಂದಿಸುವುದು

ಟಿಕೆಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನ ಗಡಿಯಾರದ್ದು, ತಲುಪುವ ವೇಳೆ ತಲುಪುವ ಊರಿನ ಗಡಿಯಾರದ್ದು. ಎರಡನ್ನೂ ನೇರವಾಗಿ ಕಳೆದರೆ ತಪ್ಪು ಉತ್ತರ ಬರುತ್ತದೆ. ಸರಿಯಾದ ಕ್ರಮವೆಂದರೆ ತಲುಪುವ ವೇಳೆಯನ್ನು ಭಾರತದ ವೇಳೆಗೆ ಬದಲಿಸಿ, ಆಮೇಲೆ ಕಳೆಯುವುದು. ಬೆಂಗಳೂರಿನಿಂದ ಬೆಳಿಗ್ಗೆ 10 ಗಂಟೆಗೆ ಹೊರಟ ವಿಮಾನ ದುಬೈಗೆ ಮಧ್ಯಾಹ್ನ 12.30ಕ್ಕೆ ತಲುಪುತ್ತದೆ ಎಂದು ಟಿಕೆಟಿನಲ್ಲಿದೆ ಎನ್ನೋಣ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಆಗ ನಮ್ಮಲ್ಲಿ 2 ಗಂಟೆ. ಪ್ರಯಾಣದ ಅವಧಿ ನಾಲ್ಕು ಗಂಟೆ.

ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಹಿಂದಕ್ಕೆ ಸರಿಸುತ್ತಾರೆ. ಅಮೆರಿಕದಲ್ಲಿ ಈ ಬದಲಾವಣೆ ಮಾರ್ಚ್‌ನ ಎರಡನೆಯ ಭಾನುವಾರಕ್ಕೆ ಮತ್ತು ನವೆಂಬರ್‌ನ ಮೊದಲ ಭಾನುವಾರಕ್ಕೆ ಬೀಳುತ್ತದೆ. ನಮ್ಮ ದೇಶದಲ್ಲಿ ಈ ಪದ್ಧತಿಯಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ.

ದಿನಾಂಕವೂ ಬದಲಾಗುವ ದಾರಿಗಳಲ್ಲಿ ಈ ಲೆಕ್ಕವನ್ನು ಎಚ್ಚರದಿಂದ ಮಾಡಬೇಕು. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳಾ ಚಾಲಕರ ತಂಡ ಉತ್ತರ ಧ್ರುವದ ಮೇಲೆ ನಡೆಸಿಕೊಂಡು ಬಂದ ಏರ್ ಇಂಡಿಯಾ ವಿಮಾನ ಬೆಂಗಳೂರಿನಲ್ಲಿ ಇಳಿದದ್ದು 11ರ ಸೋಮವಾರ ನಸುಕಿನಲ್ಲಿ. ಅವರು ಆಕಾಶದಲ್ಲಿದ್ದದ್ದು ಸುಮಾರು 17 ಗಂಟೆ. ಶನಿವಾರ ರಾತ್ರಿ 8.30ಕ್ಕೆ 17 ಗಂಟೆ ಕೂಡಿಸಿದರೆ ಅಲ್ಲಿನ ಭಾನುವಾರ ಮಧ್ಯಾಹ್ನ 1.30, ಅದಕ್ಕೆ ಹದಿಮೂರೂವರೆ ಗಂಟೆ ಕೂಡಿಸಿದರೆ ಇಲ್ಲಿನ ಸೋಮವಾರ ಬೆಳಗಿನ ಜಾವ 3. ಹೋಗುವಾಗ ಇದು ತಿರುವುಮುರುವಾಗುತ್ತದೆ. ಚಳಿಗಾಲದ ಸೋಮವಾರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರಿನಿಂದ ಹೊರಟು 17 ಗಂಟೆ ಹಾರಿದವರು ಅದೇ ಸೋಮವಾರ ಸಂಜೆ 5.30ಕ್ಕೆ ಅಲ್ಲಿ ಇಳಿಯುತ್ತಾರೆ.

ಮೈಸೂರು, ಮಂಡ್ಯದ ಮನೆಗಳಿಂದ ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರು ಬಹಳ. ಅವರಲ್ಲಿ ಅನೇಕರು ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಹೊತ್ತು ಹೊತ್ತಿಗೆ ಮಾತ್ರೆ ತೆಗೆದುಕೊಳ್ಳುವವರು. ಗಡಿಯಾರ ನೋಡಿ ಮಾತ್ರೆ ನುಂಗುವ ಅಭ್ಯಾಸವಿದ್ದವರಿಗೆ, ಸಂಜೆ 5.30 ಎಂದು ತೋರಿಸುವ ಊರಿನಲ್ಲಿ ಹಿಂದಿನ ಮಾತ್ರೆಯಿಂದ ಎಷ್ಟು ಗಂಟೆ ಕಳೆಯಿತೆಂಬುದು ಮರೆತುಹೋಗುತ್ತದೆ. ಆದ್ದರಿಂದ ಮನೆ ಬಿಟ್ಟ ಗಳಿಗೆಯಿಂದ ಕಳೆದ ಒಟ್ಟು ಗಂಟೆಗಳ ಪಟ್ಟಿಯನ್ನು ಮಕ್ಕಳು ಮೊದಲೇ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಯಾವ ಗಂಟೆಗೆ ಯಾವ ಮಾತ್ರೆ ಎಂಬುದನ್ನು ವೈದ್ಯರಿಂದ ಕೇಳಿ ಅದರಲ್ಲೇ ನಮೂದಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ತಪ್ಪದೆ ಮಾಡಬೇಕು. ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು; ಒಪ್ಪಿಸಿದ ಲಗೇಜಿನಲ್ಲಿ ಎಂದಿಗೂ ಇಡಬಾರದು.

ಆರನೆಯ ಹೆಜ್ಜೆ: ಮನೆಬಾಗಿಲಿನಿಂದ ನಿಲ್ದಾಣದವರೆಗಿನ ದಾರಿಯನ್ನು ಕೂಡಿಸುವುದು

ನಮ್ಮ ಎರಡು ಜಿಲ್ಲೆಗಳವರಿಗೆ ಅತಿ ಹೆಚ್ಚು ಅನಿಶ್ಚಿತವಾದ ಭಾಗ ಇದೇ. ಮೈಸೂರಿನಿಂದ ಕೆಂಪೇಗೌಡ ನಿಲ್ದಾಣಕ್ಕೆ ರಸ್ತೆಯಲ್ಲಿ ಸುಮಾರು 185 ಕಿಲೋಮೀಟರ್, ಮಂಡ್ಯದಿಂದ ಸುಮಾರು 140. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು ಮೈಸೂರು ದಶಪಥ ಹೆದ್ದಾರಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಊರುಗಳನ್ನು ಬೈಪಾಸಿನಿಂದ ದಾಟಿಸಿ ಕುಂಬಳಗೋಡಿನವರೆಗೆ ಬೇಗ ತಲುಪಿಸುತ್ತದೆ. ಆದರೆ ಉಳಿಸಿದ ಸಮಯವನ್ನು ಕೆಂಗೇರಿಯಿಂದ ಹೆಬ್ಬಾಳದವರೆಗಿನ ದಾರಿ ನುಂಗಿಹಾಕಬಲ್ಲದು. ದಿನದ ಯಾವ ಹೊತ್ತಿಗೆ ಬೆಂಗಳೂರನ್ನು ಹಾಯುತ್ತೀರಿ ಎಂಬುದರ ಮೇಲೆ ಒಟ್ಟು ಪ್ರಯಾಣ ಮೂರೂವರೆ ಗಂಟೆಯಿಂದ ಐದೂವರೆ ಗಂಟೆಯವರೆಗೆ ಹಿಗ್ಗುತ್ತದೆ. ಬೆಳಿಗ್ಗೆ 8ರಿಂದ 11 ಮತ್ತು ಸಂಜೆ 5ರಿಂದ 9ರ ನಡುವೆ ನಗರವನ್ನು ದಾಟಬೇಕಾದವರು ನೈಸ್ ರಸ್ತೆಯಲ್ಲಿ ತುಮಕೂರು ರಸ್ತೆಗೆ ಬಂದು, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿಯ ಮೂಲಕ ಹೋಗುವುದನ್ನು ಪರಿಗಣಿಸಬಹುದು. ಕಿಲೋಮೀಟರ್ ಹೆಚ್ಚಾದರೂ ಸಿಗ್ನಲ್‌ಗಳಲ್ಲಿ ಸಿಕ್ಕಿಕೊಳ್ಳುವ ಭಯ ಕಡಿಮೆ.

ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ 2013ರಿಂದಲೂ ನಿಲ್ದಾಣಕ್ಕೆ ನೇರವಾಗಿ ಓಡುತ್ತಿದೆ. ಒಬ್ಬರೋ ಇಬ್ಬರೋ ಹೋಗುವುದಾದರೆ ಟ್ಯಾಕ್ಸಿಗಿಂತ ಇದೇ ಮೇಲು ಎಂದು ನನ್ನ ಅಭಿಪ್ರಾಯ. ಮಂಡ್ಯದವರು ತಮ್ಮ ಊರಿನ ಒಳಗೆ ಬಸ್ಸು ಬರುತ್ತದೆಯೇ, ಬೈಪಾಸಿನಲ್ಲೇ ಸಾಗಿಬಿಡುತ್ತದೆಯೇ ಎಂಬುದನ್ನು ಟಿಕೆಟ್ ಮಾಡುವಾಗಲೇ ಕೇಳಿ ತಿಳಿಯಬೇಕು. ರೈಲಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬಿಎಂಟಿಸಿಯ ವಾಯುವಜ್ರ ಬಸ್ಸು ಹಿಡಿಯುವುದು ಅಗ್ಗದ ದಾರಿ. ಲಗೇಜ್ ಕಡಿಮೆಯಿದ್ದವರಿಗೆ ಒಳ್ಳೆಯದು. ದಸರಾ ದಿನಗಳಲ್ಲೂ ವಾರಾಂತ್ಯದ ಭಾನುವಾರ ಸಂಜೆಯೂ ಹೆದ್ದಾರಿ ತುಂಬಿರುತ್ತದೆ. ಕಾವೇರಿ ನೀರಿನ ವಿಚಾರ ಬಿಸಿಯಾದಾಗ ಮಂಡ್ಯದಲ್ಲಿ ರಸ್ತೆ ತಡೆ ನಡೆಯುವುದು ಇಲ್ಲಿನವರಿಗೆ ಹೊಸದಲ್ಲ. 2023ರ ಸೆಪ್ಟೆಂಬರ್‌ನಲ್ಲಿಯೂ ಪ್ರತಿಭಟನೆಗಳೂ ಬಂದ್‌ಗಳೂ ನಡೆದವು. ಅಂಥ ಸೂಚನೆಯಿದ್ದರೆ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳುವುದು ಕ್ಷೇಮ.

ಬೆಂಗಳೂರೊಂದೇ ದಾರಿಯಲ್ಲ. ಕೊಲ್ಲಿ ದೇಶಗಳಿಗೆ ಹೋಗುವ ಮೈಸೂರಿನವರು 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣವನ್ನೂ ನೋಡಬಹುದು. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟದ ಮೂಲಕ ಆ ನಿಲ್ದಾಣವಿರುವ ಮಟ್ಟನ್ನೂರಿಗೆ ಸುಮಾರು 160 ಕಿಲೋಮೀಟರ್. ಘಾಟಿಯ ರಸ್ತೆಯಾದ್ದರಿಂದ ನಿಧಾನ, ಮಳೆಗಾಲದಲ್ಲಿ ಮಾಕುಟ್ಟದಲ್ಲಿ ಮಣ್ಣು ಕುಸಿಯುವ ಆತಂಕವೂ ಇದೆ. ಗುಂಡ್ಲುಪೇಟೆ, ಬಂಡೀಪುರದ ಮೂಲಕ ಕೋಳಿಕ್ಕೋಡಿನ ನಿಲ್ದಾಣಕ್ಕೆ ಹೋಗುವವರು ಒಂದು ಸಂಗತಿಯನ್ನು ಮರೆಯಬಾರದು: ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ. ಬೆಳಗಿನ ವಿಮಾನವಿದ್ದರೆ ಹಿಂದಿನ ಸಂಜೆಯೇ ಕಾಡು ದಾಟಿರಬೇಕು.

ಮಂಡಕಳ್ಳಿಯಿಂದ ಎಟಿಆರ್‌ನಲ್ಲಿ ಹೈದರಾಬಾದಿಗೋ ಚೆನ್ನೈಗೋ ಹೋಗಿ ಅಲ್ಲಿಂದ ಮುಂದಕ್ಕೆ ಹಾರುವ ಆಯ್ಕೆ ಸೇವೆ ಇರುವ ದಿನಗಳಲ್ಲಿ ನಿಜಕ್ಕೂ ಉತ್ತಮ. ಚೆನ್ನೈ ಮಂಡಕಳ್ಳಿಯಿಂದ ನೇರವಾಗಿ 390 ಕಿಲೋಮೀಟರಿನಷ್ಟು. ಹಾರಾಟದ ಒಟ್ಟು ಅವಧಿ ಹೆಚ್ಚಾದರೂ ರಸ್ತೆಯ ನಾಲ್ಕು ಗಂಟೆ ಉಳಿಯುತ್ತದೆ, ವಯಸ್ಸಾದವರ ಬೆನ್ನು ಉಳಿಯುತ್ತದೆ. ಆದರೆ ಎರಡು ಹಾರಾಟಗಳೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇರಬೇಕು. ಹಾಗಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದಾಗ ಮುಂದಿನ ವ್ಯವಸ್ಥೆ ಸಂಸ್ಥೆಯ ಹೊಣೆಯಾಗುತ್ತದೆ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ನಷ್ಟ ನಿಮ್ಮದೇ.

ಏಳನೆಯ ಹೆಜ್ಜೆ: ವಿಮಾನದ ವೇಳೆಯಿಂದ ಹಿಂದಕ್ಕೆ ಎಣಿಸುವುದು

ಈಗ ಎಲ್ಲವನ್ನೂ ಒಂದು ಹಾಳೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಬರೆಯಿರಿ. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ, ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಲಗೇಜ್ ಒಪ್ಪಿಸುವ ಕೌಂಟರುಗಳು ಸಾಮಾನ್ಯವಾಗಿ ಹೊರಡುವ ವೇಳೆಗೆ 60ರಿಂದ 75 ನಿಮಿಷ ಮೊದಲೇ ಮುಚ್ಚುತ್ತವೆ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತವೆ. ದೇಶದೊಳಗಿನವು ಸಂಸ್ಥೆಗೆ ತಕ್ಕಂತೆ ಎರಡರಲ್ಲೊಂದರಿಂದ. ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಸೌಲಭ್ಯ ದೇಶದೊಳಗಿನ ಪ್ರಯಾಣಕ್ಕೆ ಪ್ರವೇಶದ ಸಾಲನ್ನು ಕಡಿಮೆ ಮಾಡುತ್ತದೆಯಾದರೂ ಅದನ್ನು ನಂಬಿ ತಡವಾಗಿ ಹೊರಡಬಾರದು.

ಬೆಳಿಗ್ಗೆ 10ರ ದೆಹಲಿ ವಿಮಾನಕ್ಕೆ 8 ಗಂಟೆಗೆ ನಿಲ್ದಾಣದಲ್ಲಿರಬೇಕೆಂದರೆ ಮೈಸೂರಿನವರು 3.30ಕ್ಕೆ, ಮಂಡ್ಯದವರು 4.15ಕ್ಕೆ ಮನೆ ಬಿಡಬೇಕು. ದೆಹಲಿಯಲ್ಲಿ 12.45ಕ್ಕೆ ಇಳಿದು ಲಗೇಜ್ ಪಡೆದು ಹೊರಬರುವಾಗ 1.30. ಮೈಸೂರಿನ ಮನೆಯಿಂದ ಒಟ್ಟು ಹತ್ತು ಗಂಟೆ. ಡಿಸೆಂಬರ್ ಜನವರಿಯಲ್ಲಿ ದೆಹಲಿಯ ಮಂಜನ್ನೂ ಗಮನದಲ್ಲಿಟ್ಟು, ಅದೇ ದಿನ ಮಧ್ಯಾಹ್ನದ ಕೆಲಸವನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು.

ಹೊರದೇಶದ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ನಂತರ ಹೊರಡುವುದರಿಂದ ದಿನಾಂಕವನ್ನು ಎರಡು ಬಾರಿ ಓದಬೇಕು. ಟಿಕೆಟಿನಲ್ಲಿ 15ನೆಯ ತಾರೀಖು ರಾತ್ರಿ 1.30 ಎಂದಿದ್ದರೆ ಮನೆ ಬಿಡಬೇಕಾದದ್ದು 14ನೆಯ ತಾರೀಖು. ಮೂರು ಗಂಟೆಯ ಲೆಕ್ಕಕ್ಕಿಂತ ಅರ್ಧ ಗಂಟೆ ಮೊದಲೇ, ರಾತ್ರಿ 10ಕ್ಕೆ ನಿಲ್ದಾಣದಲ್ಲಿದ್ದರೆ ಒಳ್ಳೆಯದು, ಸಂಜೆಯ ದಟ್ಟಣೆಯಲ್ಲೇ ಬೆಂಗಳೂರನ್ನು ಹಾಯಬೇಕು. ಆದ್ದರಿಂದ ಮೈಸೂರಿನಿಂದ 14ರ ಸಂಜೆ 4.30ಕ್ಕೇ ಹೊರಡಿ. ಬೀಳ್ಕೊಡಲು ಬರುವ ನೆಂಟರಿಗೂ 14ನೆಯ ತಾರೀಖನ್ನೇ ತಿಳಿಸಿ.

ಹೊರಡುವ ಹಿಂದಿನ ದಿನ ಮೂರು ಸಂಗತಿಗಳನ್ನು ಮತ್ತೊಮ್ಮೆ ನೋಡಬೇಕು. ವಿಮಾನದ ವೇಳೆ ಬದಲಾಗಿದೆಯೇ ಎಂಬುದನ್ನು ಸಂಸ್ಥೆಯ ತಾಣದಲ್ಲಿ ಪಿಎನ್‌ಆರ್ ಕೊಟ್ಟು ಪರಿಶೀಲಿಸಿ. ಟರ್ಮಿನಲ್ ಯಾವುದೆಂದು ಖಚಿತಪಡಿಸಿಕೊಂಡು ಟ್ಯಾಕ್ಸಿ ಚಾಲಕರಿಗೆ ತಿಳಿಸಿ. ಇಳಿಯುವ ಊರಿನಲ್ಲಿ ಕರೆದೊಯ್ಯಲು ಬರುವವರಿಗೆ ತಲುಪುವ ವೇಳೆಯನ್ನು ಅವರ ಊರಿನ ಗಡಿಯಾರದಲ್ಲಿ, ವಾರದ ಹೆಸರು ಸೇರಿಸಿ ಬರೆದು ಕಳುಹಿಸಿ. ವಿಮಾನ ನಿಂತ ಮೇಲೆ ಇಮಿಗ್ರೇಷನ್ ಮತ್ತು ಲಗೇಜಿಗೆಂದು ಒಂದರಿಂದ ಎರಡು ಗಂಟೆ ಹಿಡಿಯಬಹುದೆಂಬುದನ್ನೂ ಅದರಲ್ಲೇ ಸೇರಿಸಿ.